ಜೆಫರ್ಸನ್ ಕಾಲದ ಭೂಮಂಜೂರಾತಿ ಪತ್ರ: ಚರ್ಮ, ಶಾಯಿ, ಚಕ್ಕುಬಂದಿ

ಅಮೆರಿಕದ ಒಹಾಯೊದಲ್ಲಿ ವರ್ಜೀನಿಯಾ ಮಿಲಿಟರಿ ಡಿಸ್ಟ್ರಿಕ್ಟ್ ಎಂಬ ಪ್ರದೇಶವಿದೆ. ಸಯೋಟೊ ಮತ್ತು ಲಿಟಲ್ ಮಯಾಮಿ ನದಿಗಳ ನಡುವಿನ ಈ ನೆಲವನ್ನು ವರ್ಜೀನಿಯಾ ತನ್ನ ಕ್ರಾಂತಿಯುದ್ಧದ ಸೈನಿಕರಿಗಾಗಿ ಕಾದಿರಿಸಿಕೊಂಡಿತ್ತು. ಅಲ್ಲಿಗೆ ಆಗಿನ ಅಮೆರಿಕ ಅಧ್ಯಕ್ಷ ಥಾಮಸ್ ಜೆಫರ್ಸನ್ ಸಹಿಯಲ್ಲಿ ಹೊರಟ ಮಂಜೂರಾತಿ ಪತ್ರಗಳು ಚರ್ಮದ ಹಾಳೆಯ ಮೇಲಿರುತ್ತವೆ, ಸಾಮಾನ್ಯವಾಗಿ ಮಡಿಚಿದ ಸ್ಥಿತಿಯಲ್ಲೇ ಕೈಗೆ ಬರುತ್ತವೆ. ಬಿಡಿಸುವ ಮೊದಲು ನಾನು ಮಡಿಕೆಗಳ ನಕ್ಷೆ ಬರೆದುಕೊಳ್ಳುತ್ತೇನೆ: ಯಾವುದು ಒಳಮಡಿಕೆ, ಯಾವುದು ಹೊರಮಡಿಕೆ, ಯಾವ ಭಾಗ ಹೊರಗೆ ಉಳಿದು ಕೊಳೆಯಾಗಿದೆ. ಆ ಕೊಳೆಯಾದ ಭಾಗದಲ್ಲೇ ಹಳೆಯ ಮಾಲೀಕರ ಟಿಪ್ಪಣಿಗಳಿರುವ ಸಾಧ್ಯತೆ ಹೆಚ್ಚು. ಅದನ್ನು ಒರೆಸಿ ಹಸನು ಮಾಡಿದರೆ ಪತ್ರದ ಅರ್ಧ ಚರಿತ್ರೆ ಹೋದಂತೆ.

ಇದು ಹದ ಮಾಡಿದ ತೊಗಲಲ್ಲ. ಸುಣ್ಣದಲ್ಲಿ ನೆನೆಸಿ, ಕೂದಲು ತೆಗೆದು, ಚೌಕಟ್ಟಿಗೆ ಬಿಗಿದು ಒಣಗಿಸಿದ ಚರ್ಮ. ಮಳೆಗಾಲದಲ್ಲಿ ಮದ್ದಳೆಯ ಮುಚ್ಚಿಗೆ ಸಡಿಲಾಗುವಂತೆ ಇದೂ ಗಾಳಿಯ ತೇವಕ್ಕೆ ಹಿಗ್ಗಿ ಕುಗ್ಗುತ್ತದೆ. ಕೂದಲಿದ್ದ ಬದಿ ತುಸು ಹಳದಿ, ಓರೆ ಬೆಳಕಿನಲ್ಲಿ ರೋಮದ ಚುಕ್ಕಿಗಳು ಕಾಣುತ್ತವೆ. ಮಾಂಸದ ಬದಿ ಹೆಚ್ಚು ಬಿಳಿ. ಎಲ್ಲಾದರೂ ಗಾಜಿನಂತೆ ಹೊಳೆದು, ಕೊಂಬಿನಂತೆ ಗಟ್ಟಿಯಾಗಿದ್ದರೆ ಅಲ್ಲಿಗೆ ಶಾಖ ತಗುಲಿದೆ ಎಂದು ತಿಳಿಯಬೇಕು. ಅಲ್ಲಿ ಚರ್ಮದ ನಾರಿನ ಕೊಲಾಜೆನ್ ಅಂಟಿನಂಥ ಜೆಲಾಟಿನ್ ಆಗಿರುತ್ತದೆ. ಅಂಥ ಜಾಗಕ್ಕೆ ನಾನು ತೇವ ಮುಟ್ಟಿಸುವುದೇ ಇಲ್ಲ.

ಅಚ್ಚಿನ ಭಾಗಗಳಿದ್ದರೆ ಅವುಗಳ ಕಪ್ಪು ಹೆಚ್ಚಾಗಿ ಭದ್ರವಾಗಿರುತ್ತದೆ. ತೊಂದರೆ ಕೈಬರಹದ್ದು. ಮಾಚಿಕಾಯಿ, ಅನ್ನಭೇದಿ, ಗೋಂದು ಕೂಡಿಸಿದ ಆ ಶಾಯಿ ಕಾಗದದೊಳಗೆ ಇಳಿಯುವಂತೆ ಚರ್ಮದೊಳಗೆ ಇಳಿಯದೆ ಮೇಲ್ಮೈಯಲ್ಲೇ ಕೂರುತ್ತದೆ. ಚರ್ಮ ಮಡಿದಲ್ಲಿ ಸಿಪ್ಪೆಯಾಗಿ ಏಳುತ್ತದೆ. ಅದಕ್ಕೇ ಮೊದಲ ತಪಾಸಣೆ ಸೂಕ್ಷ್ಮದರ್ಶಕದಡಿ. ಎದ್ದ ಸಿಪ್ಪೆಯ ಅಂಚಿಗೆ ಶೇ. 1ರಷ್ಟು ತೆಳು ಮೀನಂಟನ್ನು ಅತಿ ಸಣ್ಣ ಕುಂಚದಿಂದ ಬಿಡುತ್ತೇನೆ. ಮಾಸಿದ ಅಕ್ಷರಗಳನ್ನು 365 ನ್ಯಾನೊಮೀಟರ್ ಅತಿನೇರಳೆ ಬೆಳಕಿನಲ್ಲಿ ಓದಿ ಫೋಟೊ ತೆಗೆಯುತ್ತೇನೆ. ಚರ್ಮ ಬೆಳಗುತ್ತದೆ, ಶಾಯಿ ಕಪ್ಪಾಗಿ ನಿಲ್ಲುತ್ತದೆ. ರಾಸಾಯನಿಕ ಹಚ್ಚಿ ಅಕ್ಷರ ಎಬ್ಬಿಸುವ ಹಳೆಯ ಪದ್ಧತಿ ಕೊನೆಗೆ ಕಂದು ಕಲೆಯನ್ನಷ್ಟೇ ಉಳಿಸುತ್ತದೆ.

ಇನ್ನು ಓದುವ ಕೆಲಸ. ಮೊದಲು ನೋಡುವುದು ‘ಥ: ಜೆಫರ್ಸನ್’ ಎಂಬ ಚುಟುಕು ಸಹಿ, ಜೊತೆಗೆ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಮ್ಯಾಡಿಸನ್ ಸಹಿ. ಈ ಜೋಡಿ 1801ರಿಂದ 1809ರ ಮಾರ್ಚ್ ಒಳಗೆ ಮಾತ್ರ ಸಾಧ್ಯ. ತಾರೀಖಿನ ಪಕ್ಕದಲ್ಲಿ ಅಮೆರಿಕದ ಸ್ವಾತಂತ್ರ್ಯದ (1776ರ ಜುಲೈ 4ರಿಂದ) ಎಷ್ಟನೆಯ ವರ್ಷವೆಂದೂ ಬರೆದಿರುತ್ತಾರೆ. ಅದನ್ನು ಲೆಕ್ಕ ಹಾಕಿ ನೋಡಬೇಕು. ಜನವರಿ 1805 ಎಂದರೆ 29ನೇ ವರ್ಷ, ಅದೇ ವರ್ಷದ ಜುಲೈ 4 ದಾಟಿದರೆ 30. ಹೊಂದದಿದ್ದರೆ ಗುಮಾಸ್ತನ ತಪ್ಪೋ ತಿದ್ದುಪಡಿಯೋ ಎಂದು ಅದೇ ಸಾಲನ್ನು ಓರೆ ಬೆಳಕಿನಲ್ಲಿ ನೋಡುತ್ತೇನೆ. ಅಧ್ಯಕ್ಷರ ಹೆಸರಿನಲ್ಲಿ ಕಾರ್ಯದರ್ಶಿ ಸಹಿ ಹಾಕುವ ಪದ್ಧತಿಗೆ ಕಾನೂನು ಬಂದದ್ದು 1833ರ ಮಾರ್ಚ್ 2ರಂದು. ಆಮೇಲಿನ, ಆಗಿನ ಅಧ್ಯಕ್ಷ ‘ಆಂಡ್ರೂ ಜಾಕ್ಸನ್’ ಹೆಸರಿನ ಪತ್ರಗಳನ್ನು ಸ್ವಂತ ಸಹಿಯೆಂದು ನಂಬಿ ದುಬಾರಿ ಬೆಲೆ ಕೊಡುವವರು ಈಗಲೂ ಇದ್ದಾರೆ.

ಒಡಲಿನಲ್ಲಿ 1790ರ ಆಗಸ್ಟ್ 10ರ ಕಾಯಿದೆಯ ಉಲ್ಲೇಖ, ಸೈನಿಕನ ಹೆಸರು, ಸೇವೆಯ ಅವಧಿ, ವಾರಂಟ್ (ನೆಲ ಪಡೆಯುವ ಹಕ್ಕುಚೀಟಿ) ಸಂಖ್ಯೆ ನೋಡಿಕೊಳ್ಳಿ. ಮೂರು ವರ್ಷ ದುಡಿದ ಸಾಮಾನ್ಯ ಸಿಪಾಯಿಗೆ ಸಲ್ಲುತ್ತಿದ್ದದ್ದು 100 ಎಕರೆ. ಎಷ್ಟೋ ಸಿಪಾಯಿಗಳು ಆ ನೆಲ ನೋಡದೆಯೇ ವಾರಂಟನ್ನು ಮಾರಿಬಿಟ್ಟರು. ಹಾಗಾಗಿ ಪತ್ರದಲ್ಲಿ ದುಡಿದವನ ಹೆಸರು ಒಂದು, ಪಡೆದವನದು ಇನ್ನೊಂದು. ಇಬ್ಬರನ್ನೂ ಬರೆದುಕೊಳ್ಳಬೇಕು. ಸರ್ವೆಯ ತಾರೀಖನ್ನೂ ಬಿಡಬಾರದು. ಶಾವ್ನಿ ಮೊದಲಾದ ಬುಡಕಟ್ಟುಗಳ ಜೊತೆ ಗ್ರೀನ್‌ವಿಲ್ ಒಪ್ಪಂದ ಆದದ್ದು 1795ರ ಆಗಸ್ಟ್ 3ರಂದು. ಸರ್ವೆ ಅದಕ್ಕಿಂತ ಹಿಂದಿನದಾದರೆ, ಆ ನೆಲಕ್ಕಾಗಿ ಕಾಳಗ ಇನ್ನೂ ನಡೆಯುತ್ತಿರುವಾಗಲೇ ಅಳತೆಯ ಸರಪಳಿ ಎಳೆದಿದ್ದಾರೆ ಎಂದರ್ಥ. ಪತ್ರದ ವಿವರಣೆಯಲ್ಲಿ ಇದನ್ನು ನಾನು ಖಂಡಿತ ದಾಖಲಿಸುತ್ತೇನೆ.

ಚಕ್ಕುಬಂದಿಯನ್ನು ಗ್ರಾಫ್ ಹಾಳೆಯ ಮೇಲೆ ಎಳೆಯದೆ ಓದು ಮುಗಿಯದು. ಒಹಾಯೊದ ಬೇರೆ ಹಲವು ಕಡೆಯ ಆರು ಮೈಲಿ ಚೌಕದ ಟೌನ್‌ಶಿಪ್ ಪದ್ಧತಿ ಇಲ್ಲಿಲ್ಲ. ಇಲ್ಲಿ ಮರದಿಂದ ಮರಕ್ಕೆ, ಹಳ್ಳದಿಂದ ಹಳ್ಳಕ್ಕೆ ಗೆರೆ. ‘ಉತ್ತರ 45 ಡಿಗ್ರಿ ಪೂರ್ವ, 200 ಪೋಲ್, ಬಿಳಿ ಓಕ್ ಮರದವರೆಗೆ’ ಎಂಬ ಧಾಟಿ. ಒಂದು ಪೋಲ್ ಎಂದರೆ 16.5 ಅಡಿ, ನಾಲ್ಕು ಪೋಲ್ ಸೇರಿದರೆ 66 ಅಡಿಯ ಗಂಟರ್ ಸರಪಳಿ, 160 ಚದರ ಪೋಲ್ ಒಂದು ಎಕರೆ. 200ಕ್ಕೆ 160 ಪೋಲ್ ಆಯತವಾದರೆ 200 ಎಕರೆ. ಗೆರೆ ಹೊರಟ ಮರಕ್ಕೇ ಮರಳಿ ಬರದಿದ್ದರೆ ಪೂರ್ವ-ಪಶ್ಚಿಮ ಅದಲುಬದಲಾಗಿರಬಹುದು, ನಕಲು ಮಾಡುವಾಗ ಒಂದು ಸಾಲೇ ಬಿಟ್ಟುಹೋಗಿರಬಹುದು. ದಿಕ್ಕುಗಳನ್ನು ಓದಿದ್ದು ಕಾಂತಸೂಚಿಯಿಂದ. ಇಂದಿನ ನಕ್ಷೆಯ ಮೇಲೆ ಕೂರಿಸುವಾಗ ಆ ವರ್ಷ ಸೂಚಿ ನಿಜವಾದ ಉತ್ತರದಿಂದ ಎಷ್ಟು ಓರೆಯಾಗಿತ್ತು ಎಂಬುದನ್ನು ಸರಿದೂಗಿಸದಿದ್ದರೆ ಇಡೀ ತಾಕು ತಿರುಗಿಕೊಳ್ಳುತ್ತದೆ.

ಬಿಡಿಸುವ ಕೆಲಸಕ್ಕೆ ನೀರೂ ಬೇಡ, ಇಸ್ತ್ರಿಪೆಟ್ಟಿಗೆಯಂತೂ ಬೇಡವೇ ಬೇಡ. ಹಿಂಡಿ ತೆಗೆದ ತೇವದ ಬ್ಲಾಟಿಂಗ್ ಹಾಳೆ, ಅದರ ಮೇಲೆ ನೀರು ತಡೆದು ಆವಿಯನ್ನಷ್ಟೇ ಬಿಡುವ ಗೋರ್‌ಟೆಕ್ಸ್, ಮೇಲೆ ಪತ್ರ, ಎಲ್ಲಕ್ಕೂ ಪಾಲಿಥೀನ್ ಹೊದಿಕೆ. ಹತ್ತು ನಿಮಿಷಕ್ಕೊಮ್ಮೆ ಎತ್ತಿ ನೋಡುತ್ತೇನೆ. ಮಡಿಕೆ ಬೆರಳಿಗೆ ಬಾಗಿದರೆ ಸಾಕು. ಅತಿಯಾದರೆ ಚರ್ಮ ಪಾರದರ್ಶಕವಾಗಿಬಿಡುತ್ತದೆ, ಮತ್ತೆ ಮೊದಲಿನಂತಾಗದು. ಆಮೇಲೆ ಅಂಚುಗಳಿಗೆ ಬ್ಲಾಟಿಂಗ್ ತುಂಡು ಕೊಟ್ಟು ಕ್ಲಿಪ್ ಹಾಕಿ, ಎದುರು-ಬದುರಾಗಿ ಹಗುರಾಗಿ ಎಳೆದು, ಕನಿಷ್ಠ ಒಂದು ದಿನ ಒಣಗಲು ಬಿಡುತ್ತೇನೆ. ಮಡಿಕೆಯ ಗೆರೆ ಪೂರ್ತಿ ಮಾಯವಾಗಬೇಕೆಂಬ ಹಟ ಒಳ್ಳೆಯದಲ್ಲ. ಒಣಗುತ್ತಾ ಬಿಗಿಯುವ ಚರ್ಮ ಹಳೆಯ ಸೀಳನ್ನು ಉದ್ದ ಮಾಡುತ್ತದೆ.

ಮುದ್ರೆಯ ಗೋಜು ಬೇರೆ. ಅಂಟುಬಿಲ್ಲೆಯ ಮೇಲೆ ಕಾಗದ ಕೂರಿಸಿ ಉಬ್ಬಚ್ಚು ಒತ್ತಿರುತ್ತಾರೆ. ಚರ್ಮ ಹಿಗ್ಗಿದಾಗ ಬಿಲ್ಲೆ ಹಿಗ್ಗದೆ ಬಿರಿಯುತ್ತದೆ, ಕಾಗದ ಕಳಚುತ್ತದೆ. ಅದಕ್ಕೆ ತೇವ ತಾಗಿಸುವುದಿಲ್ಲ, ಭಾರ ಇಡುವುದಿಲ್ಲ. ಪತ್ರದ ಮೇಲೆ ಬ್ಲಾಟಿಂಗ್ ಇಡುವುದಾದರೆ ಅದಕ್ಕೆ ಮುದ್ರೆಯ ಅಳತೆಯ ಕಿಂಡಿ ಕೊಯ್ದಿರುತ್ತೇನೆ. ಸೀಳುಗಳಿಗೆ ಹಿಂಬದಿಯಿಂದ ಜಪಾನಿ ಕಾಗದ, ಗೋಧಿ ಪಿಷ್ಟದ ಗಟ್ಟಿ ಅಂಟು. ಹಳೆಯ ಸೆಲ್ಲೊಟೇಪ್ ಇದ್ದರೆ ಎಳೆಯಬಾರದು, ಶಾಯಿ ಅದರೊಡನೆ ಬರುತ್ತದೆ.

ಕೊನೆಗೆ ಇಡುವ ಬಗೆ. ಪಾಲಿಯೆಸ್ಟರ್ ಲಕೋಟೆಯ ಸ್ಥಿರವಿದ್ಯುತ್ ಸಡಿಲ ಶಾಯಿಯನ್ನು ಎಳೆದುಕೊಳ್ಳುವುದರಿಂದ ಅದು ಬೇಡ. ಆಮ್ಲರಹಿತ ರಟ್ಟಿನ ಮೇಲೆ ಅಂಚಿನ ಕಾಗದಪಟ್ಟಿಗಳಿಂದ ಹಿಡಿಸಿ, ಮುದ್ರೆಗೆ ತಾಗದಷ್ಟು ಆಳದ ಚೌಕಟ್ಟು ಕೊಡಬೇಕು. ತೇವಾಂಶ ಶೇ. 40ರಿಂದ 50ರೊಳಗೆ, ಪ್ರದರ್ಶನದಲ್ಲಿ ಬೆಳಕು 50 ಲಕ್ಸ್ ಮೀರದಂತೆ. ಮೊದಲು ಬರೆದ ಮಡಿಕೆಯ ನಕ್ಷೆ, ಅತಿನೇರಳೆ ಫೋಟೊಗಳು, ಚಕ್ಕುಬಂದಿಯ ಗ್ರಾಫ್ ಅದೇ ಪೆಟ್ಟಿಗೆಯಲ್ಲಿ ಬೇರೆ ಲಕೋಟೆಯಲ್ಲಿರಲಿ.