ಇಬ್ಬರು ಮಕ್ಕಳ ಜೊತೆ ಬೇಸಿಗೆಯ ಅಬ್ಬಿಗಳಿಗೆ

ಮೇ ತಿಂಗಳಲ್ಲಿ ಜಲಪಾತ ನೋಡಲು ಹೊರಟಿದ್ದೇವೆ ಎಂದಾಗ ನಮ್ಮತ್ತೆ ಕೇಳಿದ್ದು ಒಂದೇ ಮಾತು: "ಬಂಡೆ ನೋಡ್ಕೊಂಡು ಬರೋಕೆ ಅಷ್ಟು ದೂರ ಯಾಕ್ರೇ ಹೋಗ್ತೀರಿ?" ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಪಶ್ಚಿಮ ಘಟ್ಟದ ಎಷ್ಟೋ ಜಲಪಾತಗಳು ಜನವರಿಯಲ್ಲೇ ಸೊರಗಿ, ಏಪ್ರಿಲ್ ಹೊತ್ತಿಗೆ ಬಂಡೆಯ ಮೇಲಿನ ಕಪ್ಪು ಕಲೆಯಷ್ಟೇ ಆಗಿ ಉಳಿಯುತ್ತವೆ.

ಆದರೂ ಬೇಸಿಗೆಯನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಎರಡು ವರ್ಷದ ಹಿಂದೆ ಇದೇ ಮಕ್ಕಳನ್ನು ಕಟ್ಟಿಕೊಂಡು ಜುಲೈಯಲ್ಲಿ ಮಲೆನಾಡಿಗೆ ಹೋಗಿದ್ದೆವು. ಮಂಜು ಕವಿದು ಎದುರಿಗಿದ್ದ ಜಲಪಾತವೇ ಕಾಣಲಿಲ್ಲ. ಕೇಳಿದ್ದು ಬರೀ ಸದ್ದು. ಮಗಳ ಕಾಲಿಗೆ ಹತ್ತಿದ ಇಂಬಳ ಕಂಡು ಇಬ್ಬರೂ ಅತ್ತರು. ನೀರಿನ ಹತ್ತಿರಕ್ಕಂತೂ ಬಿಡುವ ಹಾಗೇ ಇರಲಿಲ್ಲ. ಮಳೆಗಾಲದ ಜಲಪಾತ ದೊಡ್ಡವರು ದೂರ ನಿಂತು ಬೆರಗಾಗುವಂಥದ್ದು. ಎಂಟು ವರ್ಷದ ಮಗಳಿಗೂ ನಾಲ್ಕು ವರ್ಷದ ಮಗನಿಗೂ ಬೇಕಾಗಿದ್ದು ಕಾಲಿಡಲು ನೀರು, ಎಸೆಯಲು ಕಲ್ಲು, ಕೂರಲು ನೆರಳು. ಅದು ಸಿಗುವುದು ಬೇಸಿಗೆಯಲ್ಲೇ.

ಹಾಗಾಗಿ ಈ ಸಲ ಎತ್ತರ ನೋಡಿ ಜಲಪಾತ ಆರಿಸಲಿಲ್ಲ. ಬೇಸಿಗೆಯಲ್ಲೂ ಹರಿವು ಉಳಿಯುತ್ತದೆಯೇ, ನೀರಿನ ಅಂಚಿಗೆ ಮಕ್ಕಳು ನಡೆದು ಹೋಗಬಹುದೇ ಎಂದು ಕೇಳಿಕೊಂಡೆವು. ಎರಡಕ್ಕೂ ಹೌದು ಅನ್ನಿಸಿದ್ದನ್ನು ದಿನದ ಮುಖ್ಯ ಜಾಗ ಮಾಡಿಕೊಂಡು, ನೋಡುವುದಕ್ಕಷ್ಟೇ ಇರುವ ಎತ್ತರದ ಜಲಪಾತಗಳನ್ನು ನಡುವೆ ಸೇರಿಸಿದೆವು. ಐದೂ ದಿನ ಶಿರಸಿಯಲ್ಲೇ ಒಂದು ಮನೆ ಹಿಡಿದು ಉಳಿದೆವು. ದಿನಾ ಹೊಸ ಊರು, ಹೊಸ ಹಾಸಿಗೆ ಎಂದರೆ ಚಿಕ್ಕ ಮಕ್ಕಳು ಎರಡನೇ ದಿನಕ್ಕೇ ಸುಸ್ತಾಗಿಬಿಡುತ್ತವೆ. ಶಿರಸಿಯಿಂದ ಜೋಗ ಸುಮಾರು 60 ಕಿ.ಮೀ., ಯಲ್ಲಾಪುರ 50 ಕಿ.ಮೀ., ಉಂಚಳ್ಳಿ ಇನ್ನೂ ಹತ್ತಿರ.

ಕಾರಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು ಕೆಟ್ಟರೆ ಮುಂದಿನದೆಲ್ಲ ಕೆಟ್ಟ ಹಾಗೆ. ನಾನೂ ನನ್ನ ಗಂಡನೂ ಸರದಿಯಲ್ಲಿ ಓಡಿಸಿದೆವು. ಓಡಿಸದೇ ಇದ್ದವರು ಹಿಂದೆ ಮಕ್ಕಳ ಜೊತೆ ಕೂತೆವು. ಮಗನಿಗೆ ತಿರುವಿನ ದಾರಿಯಲ್ಲಿ ವಾಂತಿಯಾಗುತ್ತದೆ. ಒಳಕಿವಿಗೆ ಕಾರು ಹೊರಳುವುದು ಗೊತ್ತಾಗುತ್ತಿರುತ್ತದೆ, ಕಣ್ಣು ಮಾತ್ರ ಅಲುಗಾಡದ ಪುಸ್ತಕವನ್ನೋ ಮೊಬೈಲನ್ನೋ ನೋಡುತ್ತಿರುತ್ತದೆ. ಎರಡಕ್ಕೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಕಾಡಿನ ದಾರಿಯಲ್ಲಿ ಮೊಬೈಲು, ಬಣ್ಣದ ಪುಸ್ತಕ ಎರಡೂ ಚೀಲಕ್ಕೆ ಹೋದವು. ಅವನ ಮಕ್ಕಳ ಸೀಟನ್ನು ಮುಂದಿನ ಗಾಜಿನಾಚೆಯ ರಸ್ತೆ ಕಾಣುವ ಹಾಗೆ ಹಿಂದಿನ ಸೀಟಿನ ನಡುವೆ ಕೂರಿಸಿದೆವು. ಮುಂದಿನ ತಿರುವು ಎಡಕ್ಕೋ ಬಲಕ್ಕೋ ಎಂದು ಕೂಗಿ ಹೇಳುವ ಕೆಲಸ ಅವನಿಗೇ ಕೊಟ್ಟೆವು. ಹೊರಡುವ ಮುಂಚೆ ಹೊಟ್ಟೆಗೆ ಹಗುರವಾದದ್ದು, ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಿ ಹತ್ತು ನಿಮಿಷ ಓಡಾಟ. ಐದು ದಿನದಲ್ಲಿ ಒಂದೇ ಸಲ ವಾಂತಿಯಾಯಿತು. ಅದೂ ನಾವು ಅವಸರ ಮಾಡಿ ನಿಲ್ಲಿಸದೇ ಹೋದ ದಿನ.

ಮೊದಲ ದಿನ ಉಂಚಳ್ಳಿ. ಸಿದ್ದಾಪುರ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಇಲ್ಲಿ 116 ಮೀಟರ್ ಕೆಳಗೆ ಬೀಳುತ್ತದೆ. 1845ರಲ್ಲಿ ಇದನ್ನು ಕಂಡು ಬರೆದಿಟ್ಟ ಬ್ರಿಟಿಷ್ ಕಲೆಕ್ಟರನ ಹೆಸರಿನಿಂದ ಲಷಿಂಗ್ಟನ್ ಜಲಪಾತ ಅಂತಲೂ ಕರೆಯುತ್ತಾರೆ. ನನಗೆ ಇಷ್ಟವಾದದ್ದು ಊರವರ ಹೆಸರು: ಕೆಪ್ಪ ಜೋಗ. ಮಳೆಗಾಲದ ಅಬ್ಬರಕ್ಕೆ ಕಿವಿ ಕೆಪ್ಪಾಗುತ್ತದಂತೆ. ನಾವು ಹೋದಾಗ ಹಕ್ಕಿಯ ಕೂಗು ಕೂಡ ಕೇಳುವಷ್ಟು ಮೆದು ಸದ್ದಿತ್ತು, ಬಂಡೆಯ ಪದರಗಳ ಮೇಲೆ ಬಿಳಿ ನೂಲುಗಳ ಹಾಗೆ ನೀರು ಇಳಿಯುತ್ತಿತ್ತು. ನೋಡುವ ಜಾಗಕ್ಕೆ ಮೆಟ್ಟಿಲಿಳಿದು ಹೋಗಬೇಕು. ಇಳಿಯುವಾಗ ಮಗ ಕುಣಿದುಕೊಂಡು ಇಳಿದ, ಹತ್ತುವಾಗ ಅಪ್ಪನ ಬೆನ್ನೇರಿದ. ನಾಲ್ಕು ವರ್ಷದ ಮಗುವಿದ್ದರೆ ಮೆಟ್ಟಿಲುಗಳ ಲೆಕ್ಕ ಹಾಕುವಾಗ ಹದಿನೈದು ಕಿಲೋ ಹೊತ್ತು ಹತ್ತುವುದನ್ನೂ ಸೇರಿಸಿಕೊಳ್ಳಬೇಕು. ಎಂಟು ಗಂಟೆಗೇ ಅಲ್ಲಿದ್ದೆವಾದ್ದರಿಂದ ಬಿಸಿಲೇರುವ ಮುಂಚೆ ಮೇಲೆ ಬಂದಾಗಿತ್ತು.

ಮಾರನೆಯ ದಿನ ಜೋಗ. ನನಗೆ ಅಳುಕಿದ್ದದ್ದು ಇದೊಂದರ ಬಗ್ಗೆಯೇ. ಮಕ್ಕಳು ಪಾಠದ ಪುಸ್ತಕದಲ್ಲಿ ನೋಡಿದ್ದು ಬಂಡೆಯೇ ಕಾಣದ ಹಾಗೆ ಧುಮ್ಮಿಕ್ಕುವ ಶರಾವತಿಯನ್ನು. ಮೇ ತಿಂಗಳಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಲ್ಲಿ ಎಷ್ಟು ಕಂಡೀತು ಎನ್ನುವುದೇ ಪ್ರಶ್ನೆ. ಹಿಂದಿನ ರಾತ್ರಿಯೇ ಮಕ್ಕಳನ್ನು ಕೂರಿಸಿಕೊಂಡು, ನಾಳೆ ಕಾಣುವುದು ಚಿತ್ರದಂತಿರುವುದಿಲ್ಲ, ನಿದ್ದೆ ಮಾಡುತ್ತಿರುವ ಜೋಗವನ್ನು ನೋಡಲು ಹೋಗುತ್ತಿದ್ದೇವೆ ಎಂದು ಹೇಳಿದೆ. ಇದನ್ನು ಹೇಳದೇ ಹೋಗಿದ್ದರೆ ಆ ದಿನ ಅವರ ಮುಖ ಸಪ್ಪಗಾಗುತ್ತಿತ್ತು.

ಕಂಡದ್ದು ಎರಡೇ ಎಳೆ. ಮಗ ಕಟಕಟೆಯ ಸರಳು ಹಿಡಿದು ಸ್ವಲ್ಪ ಹೊತ್ತು ನೋಡಿ, "ನಲ್ಲಿ ಯಾರು ನಿಲ್ಲಿಸಿದ್ದು?" ಅಂದ. ನಿಜಕ್ಕೂ ಒಳ್ಳೆಯ ಪ್ರಶ್ನೆ ಅದು. ಜೋಗಕ್ಕೆ ಸುಮಾರು 6 ಕಿ.ಮೀ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ, 1964ರದ್ದು. ಅಲ್ಲಿ ತಡೆದ ನೀರು ಕಾಲುವೆಯಲ್ಲಿ ತಲಕಳಲೆಗೆ ಹೋಗಿ, ಅಲ್ಲಿಂದ ಕೊಳವೆಗಳಲ್ಲಿ ಇಳಿದು ಶರಾವತಿ ವಿದ್ಯುದಾಗಾರದ ಟರ್ಬೈನುಗಳನ್ನು ತಿರುಗಿಸುತ್ತದೆ. ಅದರ ಸಾಮರ್ಥ್ಯ 1,035 ಮೆಗಾವ್ಯಾಟ್. ಅಂದರೆ ಜೋಗದ ಬಂಡೆಯಿಂದ ಬೀಳಬೇಕಿದ್ದ ನೀರು ಅದನ್ನು ಬಳಸಿಕೊಂಡು ಬೇರೆ ದಾರಿಯಲ್ಲಿ ಕೆಳಗಿಳಿಯುತ್ತದೆ. ಮಗಳು ಅಲ್ಲೇ ನಿನ್ನೆಯದನ್ನು ನೆನೆದು, ಉಂಚಳ್ಳಿಗೂ ಹೀಗೇ ಯಾರಾದರೂ ಕಟ್ಟೆ ಕಟ್ಟಿದ್ದಾರಾ ಎಂದು ಕೇಳಿದಳು. ಇಲ್ಲ, ಅಘನಾಶಿನಿಗೆ ಅಂಥ ದೊಡ್ಡ ಅಣೆಕಟ್ಟಿಲ್ಲ, ಅದು ಬೇಸಿಗೆಗೆ ತಾನಾಗಿ ತೆಳ್ಳಗಾಗಿದೆ, ಕಾಡಿನ ನೆಲ ಮಳೆಗಾಲದಲ್ಲಿ ಕುಡಿದಿಟ್ಟುಕೊಂಡ ನೀರನ್ನು ಸ್ವಲ್ಪಸ್ವಲ್ಪವೇ ಬಿಡುತ್ತಿದೆ ಎಂದೆ. ಎರಡು ತೆಳುವಾದ ಜಲಪಾತಗಳು, ಎರಡು ಬೇರೆ ಕಾರಣ. ತುಂಬಿ ಹರಿಯುವಾಗ ಹೋಗಿದ್ದರೆ ಈ ಮಾತು ಬರುತ್ತಲೇ ಇರಲಿಲ್ಲ.

ನೀರು ಕಡಿಮೆ ಇದ್ದದ್ದರಿಂದಲೇ ಬಂಡೆಯ ಪೂರ್ತಿ ಎತ್ತರ ಕಣ್ಣಿಗೆ ಬಿತ್ತು. 253 ಮೀಟರ್. ಮೂರು ಮೀಟರಿಗೊಂದು ಅಂತಸ್ತಿನ ಲೆಕ್ಕದಲ್ಲಿ 84 ಅಂತಸ್ತು ಎಂದು ಮಗಳೇ ಭಾಗಿಸಿ ಹೇಳಿದಳು. ತಳಕ್ಕಿಳಿಯುವ ಸಾವಿರದ ನಾನೂರರಷ್ಟು ಮೆಟ್ಟಿಲುಗಳ ಗೋಜಿಗೆ ಹೋಗಲಿಲ್ಲ.

ಮೂರನೆಯ ದಿನ ಜಲಪಾತವೇ ಬೇಡ ಎಂದು ಬಿಟ್ಟುಕೊಂಡಿದ್ದೆವು. ಶಿರಸಿಗೆ ಹತ್ತಿರದ ಸಹಸ್ರಲಿಂಗಕ್ಕೆ ಹೋದೆವು. ಶಾಲ್ಮಲಾ ನದಿಯ ಬಂಡೆಗಳಲ್ಲಿ ಸೋಂದೆಯ ಅರಸರ ಕಾಲದಲ್ಲಿ ಕೆತ್ತಿಸಿದ ಲಿಂಗಗಳು, ನಂದಿಗಳು. ಮಳೆಗಾಲದಲ್ಲಿ ಹೆಚ್ಚಿನವು ಮುಳುಗಿರುತ್ತವೆ, ಬೇಸಿಗೆಯಲ್ಲೇ ಚೆನ್ನಾಗಿ ಕಾಣುವುದು. ಮಂಡಿಯೂ ಮುಳುಗದ ನೀರಿನಲ್ಲಿ ಮಕ್ಕಳು ಮಧ್ಯಾಹ್ನದವರೆಗೆ ಲಿಂಗ ಎಣಿಸಿದರು. ಇಡೀ ಪ್ರವಾಸದಲ್ಲಿ ನಾವಿಬ್ಬರೂ ನಿಜವಾಗಿ ವಿಶ್ರಾಂತಿ ಪಡೆದದ್ದು ಆ ಬೆಳಗ್ಗೆ.

ನಾಲ್ಕನೆಯ ದಿನದ ಸಾತೋಡ್ಡಿ ಬಗ್ಗೆ ಉದ್ದಕ್ಕೆ ಬರೆಯಲೇಬೇಕು. ಯಲ್ಲಾಪುರದಿಂದ ಸುಮಾರು 32 ಕಿ.ಮೀ. ದೂರ, ಕೊನೆಯ ಭಾಗ ಒರಟು ರಸ್ತೆ. ದಾರಿಯಲ್ಲಿ ಮೊಬೈಲಿನ ನಕ್ಷೆಯನ್ನು ನಂಬಿ ಅಡಿಕೆ ತೋಟದೊಳಗೆ ಹೋಗಿ ಸಿಕ್ಕಿಕೊಂಡು, ಇನ್ನೂರು ಮೀಟರ್ ಹಿಂದಕ್ಕೇ ಓಡಿಸಿಕೊಂಡು ಬರಬೇಕಾಯಿತು. ಆಮೇಲೆ ಪ್ರತಿ ಕೂಡುರಸ್ತೆಯಲ್ಲೂ ನಿಲ್ಲಿಸಿ ಜನರನ್ನೇ ಕೇಳಿದೆವು. ಕಾರು ನಿಲ್ಲಿಸಿ ಕಾಡಿನ ಹಾದಿಯಲ್ಲಿ ಸ್ವಲ್ಪ ನಡೆದರೆ ಸುಮಾರು 15 ಮೀಟರ್ ಎತ್ತರದಿಂದ ಅಗಲವಾಗಿ ಇಳಿಯುವ ನೀರು. ಮುಂದೆ ಅದು ಕೊಡಸಳ್ಳಿ ಅಣೆಕಟ್ಟಿನ ಹಿನ್ನೀರು ಸೇರುತ್ತದೆ. ಜೋಗದ ಮುಂದೆ ಇದರ ಎತ್ತರ ಏನೂ ಅಲ್ಲ, ಆದರೆ ನನ್ನ ಮಕ್ಕಳಿಗೆ ಇವತ್ತಿಗೂ ಜಲಪಾತ ಎಂದರೆ ಸಾತೋಡ್ಡಿ.

ನೀರಿಗಿಳಿಯುವ ಮೊದಲು ಇಬ್ಬರನ್ನೂ ಕೂರಿಸಿ ನಮ್ಮ ಕಟ್ಟುಪಾಡು ಹೇಳಿದೆವು. ಬೀಳುವ ನೀರಿನ ಬುಡಕ್ಕೆ ಯಾರೂ ಹೋಗುವಂತಿಲ್ಲ. ನೀರು ವರ್ಷಗಟ್ಟಲೆ ಬಿದ್ದ ಜಾಗದಲ್ಲಿ ನೆಲ ಕೊರೆದು ಮಡುವಾಗಿರುತ್ತದೆ, ಮೇಲಿಂದ ನೋಡಿದರೆ ಆಳ ತಿಳಿಯುವುದಿಲ್ಲ. ಒಣಗಿದ ಬಿಳಿಚು ಬಂಡೆಯ ಮೇಲೆ ಮಾತ್ರ ಕಾಲು, ಕಪ್ಪಗೆ ಹೊಳೆಯುವುದರ ಮೇಲೆ ಪಾಚಿ ಇರುತ್ತದೆ. ನೀರು ಮಗನ ಮಂಡಿ ದಾಟಬಾರದು. ತೇಲುವ ಅಂಗಿ ಹಾಕಿದ್ದೇವೆಂದು ಕೈ ಬಿಡುವುದಿಲ್ಲ. ದೊಡ್ಡವರಲ್ಲಿ ಒಬ್ಬರು ಸದಾ ಮಕ್ಕಳನ್ನೇ ನೋಡುತ್ತಿರಬೇಕು, ಅವರ ಕೈಯಲ್ಲಿ ಮೊಬೈಲು ಇರಕೂಡದು. ಅರಣ್ಯ ಇಲಾಖೆಯವರು ಇಳಿಯಬೇಡಿ ಎಂದು ಹಲಗೆ ಹಾಕಿದ ಕಡೆ ಅದಕ್ಕೆ ಎದುರುಮಾತಿಲ್ಲ. ಬಂಡೆಯ ಸಂದುಗಳಲ್ಲಿ ಹೆಜ್ಜೇನು ಕಟ್ಟಿರುತ್ತದಾದ್ದರಿಂದ ಕೂಗಾಟ ಬೇಡ, ಹೊಗೆ ಎಬ್ಬಿಸುವುದಂತೂ ಬೇಡವೇ ಬೇಡ.

ಎರಡೂವರೆಯ ಸುಮಾರಿಗೆ ದೂರದಲ್ಲೆಲ್ಲೋ ಗುಡುಗಿತು. ನಮ್ಮ ತಲೆಯ ಮೇಲೆ ಬಿಸಿಲು ಹಾಗೇ ಇತ್ತು. ಇನ್ನೊಂದು ಅರ್ಧ ಗಂಟೆ ಇರೋಣ ಅಂದುಕೊಳ್ಳುವಷ್ಟರಲ್ಲಿ ಊರಿನ ಹಿರಿಯರೊಬ್ಬರು ಮೇಲಿಂದ ಕೂಗಿದರು: "ತಂಗಿ, ಮಕ್ಕಳ್ನ ಮೇಲೆ ಕರ್ಕಂಬನ್ನಿ. ಅತ್ಲಾಗೆ ಮಳೆ ಬಿದ್ದದೆ." ನೀರು ನೋಡಿದೆ. ಬೆಳಗ್ಗೆ ತಳದ ಕಲ್ಲು ಎಣಿಸುವಷ್ಟು ತಿಳಿಯಾಗಿದ್ದದ್ದು ಸ್ವಲ್ಪ ಕದಡಿತ್ತು, ತರಗೆಲೆಗಳು ತೇಲಿ ಬರತೊಡಗಿದ್ದವು. ಚೀಲ, ಟವೆಲು ಏನೂ ನೋಡದೆ ಮೊದಲು ಮಕ್ಕಳನ್ನು ಎತ್ತಿಕೊಂಡು ಹಾದಿಗೆ ಹತ್ತಿದೆವು. ಕಾಲು ಗಂಟೆಯಲ್ಲಿ ಮಗ ಕೂತಿದ್ದ ಬಂಡೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಒಂದು ಟವೆಲು ಹೋಯಿತು. ಆ ಹಿರಿಯರಿಗೆ ಕೈಮುಗಿದೆ. ಅವರು ಏನೂ ಆಗಿಲ್ಲವೆಂಬಂತೆ ತಲೆಯಾಡಿಸಿ ನಡೆದುಹೋದರು.

ಮೇ ತಿಂಗಳಲ್ಲಿ ಹೋಗುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ. ಮುಂಗಾರಿಗೆ ಮುಂಚಿನ ಗುಡುಗುಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಅದು ನಿಮ್ಮ ತಲೆಯ ಮೇಲೇ ಬೀಳಬೇಕೆಂದಿಲ್ಲ, ಮೇಲಿನ ಗುಡ್ಡಕ್ಕೆ ಬಿದ್ದರೆ ಸಾಕು. ನೀರಾಟ ಬೆಳಗ್ಗೆಯೇ ಮುಗಿಯಲಿ. ಗುಡುಗು ಕೇಳಿದರೆ, ನೀರಿನ ಬಣ್ಣ ಬದಲಾದರೆ, ಕಸಕಡ್ಡಿ ತೇಲಿ ಬಂದರೆ ಆ ಕ್ಷಣವೇ ಮೇಲೆ ಬನ್ನಿ. ನಾವು ಎರಡು ಗಂಟೆಯ ಮೇಲೂ ಅಲ್ಲಿದ್ದದ್ದೇ ತಪ್ಪು.

ಕೊನೆಯ ದಿನ ಮಾಗೋಡು. ಬೇಡ್ತಿ ನದಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಇಳಿಯುವುದನ್ನು ಆಚೆ ಗುಡ್ಡದಿಂದ ನೋಡುವುದಷ್ಟೇ, ನೀರು ಮುಟ್ಟುವಂತಿಲ್ಲ. ಹಿಂದಿನ ದಿನದ ಗಾಬರಿಯ ನಂತರ ನನಗೂ ಅದೇ ಬೇಕಿತ್ತು. ಅಲ್ಲಿಂದ ಹತ್ತಿರದ ಜೇನುಕಲ್ಲು ಗುಡ್ಡಕ್ಕೆ ಹೋಗಿ, ಕಣಿವೆಯಲ್ಲಿ ಬಾಗಿ ಬಾಗಿ ಹರಿಯುವ ಬೇಡ್ತಿಯನ್ನು ನೋಡುತ್ತ ಸಂಜೆಯಾಗುವವರೆಗೆ ಕೂತೆವು. ಮಗಳು ತನ್ನ ಪುಸ್ತಕದಲ್ಲಿ ಐದೂ ದಿನದ ಚಿತ್ರ ಬರೆದು ಮುಗಿಸಿದಳು. ಜೋಗದ ಪುಟದಲ್ಲಿ ಎರಡು ಎಳೆ ಬರೆದು ಪಕ್ಕದಲ್ಲಿ ಜಾಗ ಖಾಲಿ ಬಿಟ್ಟಿದ್ದಾಳೆ. ಯಾಕೆ ಎಂದು ಕೇಳಿದ್ದಕ್ಕೆ, ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ ಮತ್ತೆ ಹೋದಾಗ ಉಳಿದದ್ದನ್ನು ಬರೆಯುತ್ತೇನೆ ಎಂದಳು.