ತಾಯಿ ಕಾರ್ಡ್‌ನಿಂದ ಸುಕನ್ಯಾ ಖಾತೆಯವರೆಗೆ: ಮಗು ಬಂದ ಮನೆಗೆ ಸಲ್ಲಬೇಕಾದ ಹಣ ಪಡೆಯುವುದು ಹೇಗೆ?

ಬಸುರಿ ಹೆಂಗಸಿಗೆಂದು ಸರ್ಕಾರ ಕೊಡುವ ಐದು ಸಾವಿರ ರೂಪಾಯಿ ಹಲವು ಮನೆಗಳನ್ನು ತಲುಪದೆ ಉಳಿದುಬಿಡುತ್ತದೆ. ಆ ಮನೆಗಳಿಗೆ ಅರ್ಹತೆ ಇರುವುದಿಲ್ಲವೆಂದಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಹೆಸರು ಇರುತ್ತದೆ. ಇಲ್ಲವೇ ಎಂದೋ ತೆರೆದು ಮರೆತ ಬ್ಯಾಂಕ್ ಖಾತೆಗೆ ಹಣ ಹೋಗಿ ಕುಳಿತಿರುತ್ತದೆ. ಅದೂ ಅಲ್ಲದಿದ್ದರೆ ತವರು ಮತ್ತು ಗಂಡನ ಮನೆಯ ನಡುವೆ ಕಾಗದಗಳು ಹಂಚಿಹೋಗಿ ಗಡುವು ದಾಟಿರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಯೋಜನೆಗಳ ಹೆಸರುಗಳನ್ನು ಪಟ್ಟಿ ಮಾಡುವುದಕ್ಕಿಂತ, ಯಾವ ಕೆಲಸವನ್ನು ಯಾವಾಗ ಮಾಡಬೇಕು ಎಂಬುದನ್ನು ಅನುಕ್ರಮವಾಗಿ ಹೇಳುವುದಕ್ಕೆ ಹೆಚ್ಚು ಗಮನ ಕೊಟ್ಟಿದ್ದೇನೆ.

ಮೊದಲನೆಯದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಗರ್ಭಿಣಿಯರಿಗೆ ಮತ್ತು ಹಾಲುಣಿಸುವ ತಾಯಂದಿರಿಗೆ ಕನಿಷ್ಠ 6,000 ರೂಪಾಯಿ ಹೆರಿಗೆ ಸೌಲಭ್ಯ ಸಿಗಬೇಕೆಂದು ಹೇಳಿತು. ಅದನ್ನು ಆಧರಿಸಿ 2017ರ ಜನವರಿ 1ರಿಂದ ಈ ಯೋಜನೆ ಜಾರಿಗೆ ಬಂದಿತು. ಆರಂಭದಲ್ಲಿ ಮೊದಲ ಮಗುವಿಗೆ ಮಾತ್ರ ಮೂರು ಕಂತುಗಳಲ್ಲಿ 5,000 ರೂಪಾಯಿ ಕೊಡಲಾಗುತ್ತಿತ್ತು. 2022ರ ಏಪ್ರಿಲ್ 1ರಿಂದ ನಿಯಮ ಬದಲಾಗಿದ್ದು, ಈಗ ಮೊದಲ ಮಗುವಿನ ಹಣ 3,000 ಮತ್ತು 2,000 ರೂಪಾಯಿಗಳ ಎರಡು ಕಂತುಗಳಲ್ಲಿ ಬರುತ್ತದೆ. ಎರಡನೆಯ ಮಗು ಹೆಣ್ಣಾದರೆ ಹೆರಿಗೆಯ ಬಳಿಕ ಒಂದೇ ಕಂತಿನಲ್ಲಿ 6,000 ರೂಪಾಯಿ ಸಿಗುತ್ತದೆ. ಎರಡನೆಯ ಹೆರಿಗೆಯಲ್ಲಿ ಅವಳಿ ಮಕ್ಕಳಾಗಿ ಅವರಲ್ಲಿ ಒಂದು ಹೆಣ್ಣಿದ್ದರೂ ಈ ಹಣಕ್ಕೆ ಅರ್ಹತೆ ಇದೆ. ಕಾಯ್ದೆ ಬಂದಾಗ ನಿಗದಿಯಾದ ಆರು ಸಾವಿರದ ಅಂದಾಜು ಇಂದಿಗೂ ಅಷ್ಟರಲ್ಲೇ ನಿಂತಿದೆ. ಹಾಲು, ಮೊಟ್ಟೆ, ಬೇಳೆಯ ಬೆಲೆ ಮಾತ್ರ ಅಂದಿನಂತೆ ಉಳಿದಿಲ್ಲ ಎಂಬುದನ್ನು ಯಾವ ಬಾಣಂತಿಯ ಮನೆಯವರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೊತ್ತ ಚಿಕ್ಕದಾಗಿರುವುದರಿಂದಲೇ ಅದರಲ್ಲಿ ಒಂದು ರೂಪಾಯಿಯೂ ದಾರಿಯಲ್ಲಿ ಕಳೆದುಹೋಗಬಾರದು.

ಯಾರು ಅರ್ಹರು?

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಹಿಳೆಯರು, ಬಿಪಿಎಲ್ ಪಡಿತರ ಚೀಟಿ ಇರುವವರು, ಇ-ಶ್ರಮ್ ಕಾರ್ಡ್ ಅಥವಾ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಇರುವವರು, ಆಯುಷ್ಮಾನ್ ಭಾರತ್ ಫಲಾನುಭವಿಗಳು, ಕಿಸಾನ್ ಸಮ್ಮಾನ್ ನಿಧಿ ಪಡೆಯುವ ರೈತ ಮಹಿಳೆಯರು, ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಹಾಗೂ ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರುವವರು ಅರ್ಜಿ ಹಾಕಬಹುದು. ಇವುಗಳಲ್ಲಿ ಒಂದು ದಾಖಲೆ ಇದ್ದರೆ ಸಾಕು, ಎಲ್ಲವೂ ಬೇಕಾಗಿಲ್ಲ. ಎಪಿಎಲ್ ಕಾರ್ಡ್ ಇದೆಯೆಂದು ಸುಮ್ಮನಾಗುವವರು ಈ ಕೊನೆಯ ಆದಾಯದ ಮಿತಿಯನ್ನು ಗಮನಿಸಬೇಕು; ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಪಡೆದರೆ ಅವರಿಗೂ ದಾರಿ ಇದೆ. ಕೇಂದ್ರ, ರಾಜ್ಯ ಸರ್ಕಾರ ಅಥವಾ ಸಾರ್ವಜನಿಕ ಉದ್ದಿಮೆಗಳಲ್ಲಿ ಕಾಯಂ ನೌಕರಿಯಲ್ಲಿರುವವರಿಗೆ ಮತ್ತು ಬೇರೆ ಕಾನೂನಿನಡಿ ಇಂಥದೇ ಹೆರಿಗೆ ಸೌಲಭ್ಯ ಪಡೆಯುತ್ತಿರುವವರಿಗೆ ಯೋಜನೆ ಅನ್ವಯಿಸುವುದಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ತೊಡಕನ್ನು ಹೇಳಲೇಬೇಕು. ಮದುವೆಯಾಗಿ ಬಂದ ಸೊಸೆಯ ಹೆಸರು ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ತವರಿನ ಪಡಿತರ ಚೀಟಿಯಲ್ಲೇ ಇರುತ್ತದೆ. ಗಂಡನ ಮನೆಯ ಚೀಟಿಯಲ್ಲಿ ಯಜಮಾನಿ ಅತ್ತೆಯೇ ಆಗಿದ್ದು, ಗೃಹಲಕ್ಷ್ಮಿಯ ಹಣವೂ ಅವರ ಖಾತೆಗೇ ಬರುವುದರಿಂದ ಸೊಸೆಗೆಂದು ಬೇರೆ ಖಾತೆ ಬೇಕೆಂದು ಯಾರಿಗೂ ಅನ್ನಿಸಿರುವುದಿಲ್ಲ. ಮಾತೃವಂದನಾ ಹಣ ತಾಯಿಯ ಸ್ವಂತ ಖಾತೆಗೆ ಮಾತ್ರ ಜಮೆಯಾಗುತ್ತದೆ. ಅತ್ತೆಯ ಖಾತೆಗೂ ಬರುವುದಿಲ್ಲ, ಗಂಡನ ಖಾತೆಗೂ ಬರುವುದಿಲ್ಲ. ಹಾಗಾಗಿ ಮಗುವಿನ ಯೋಚನೆ ಇರುವ ದಂಪತಿ ಬಸಿರು ನಿಲ್ಲುವವರೆಗೆ ಕಾಯದೆ ಸೊಸೆಯ ಹೆಸರನ್ನು ತವರಿನ ಚೀಟಿಯಿಂದ ತೆಗೆಸಿ ಇಲ್ಲಿಗೆ ಸೇರಿಸುವುದು ಮತ್ತು ಅವಳ ಹೆಸರಿನಲ್ಲಿ ಬ್ಯಾಂಕ್ ಅಥವಾ ಅಂಚೆ ಖಾತೆ ತೆರೆಯುವುದು ಒಳ್ಳೆಯದು.

ಹೆಸರು ಮತ್ತು ಖಾತೆ

ಅರ್ಜಿ ಹಾಕುವ ಮೊದಲು ಆಧಾರ್, ಪಾಸ್‌ಬುಕ್, ಬಸುರಿಯ ತಪಾಸಣೆ ಮತ್ತು ಮಗುವಿನ ಲಸಿಕೆಗಳನ್ನು ಬರೆದಿಡುವ ತಾಯಿ ಕಾರ್ಡ್ ಮೂರನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ನಮ್ಮ ಸಂಬಂಧಿಕರಲ್ಲೇ ಒಬ್ಬಳ ಆಧಾರ್‌ನಲ್ಲಿ ತಂದೆಯ ಇನಿಶಿಯಲ್ ಇತ್ತು, ಮದುವೆಯ ಬಳಿಕ ತೆರೆದ ಖಾತೆಯಲ್ಲಿ ಗಂಡನ ಹೆಸರು ಸೇರಿಕೊಂಡಿತ್ತು, ತಾಯಿ ಕಾರ್ಡ್‌ನಲ್ಲಿ ಮನೆಯಲ್ಲಿ ಕರೆಯುವ ಹೆಸರು ಬರೆಯಲಾಗಿತ್ತು. ಒಬ್ಬಳೇ ಹುಡುಗಿ ಕಾಗದದ ಮೇಲೆ ಮೂವರಾಗಿದ್ದಳು. ಅದನ್ನು ಸರಿಪಡಿಸುವಷ್ಟರಲ್ಲಿ ಮಗು ಅಂಬೆಗಾಲಿಡುತ್ತಿತ್ತು. ಆಧಾರ್‌ನಲ್ಲಿ ಇರುವ ಹೆಸರನ್ನೇ ಮೂಲವೆಂದು ಇಟ್ಟುಕೊಂಡು ಉಳಿದ ಎರಡನ್ನು ಅದಕ್ಕೆ ಹೊಂದಿಸಿಕೊಂಡರೆ ಕೆಲಸ ಸಲೀಸು.

ಎರಡನೆಯದು ಖಾತೆಯ ಜೋಡಣೆ. ‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನಲ್ಲಿ ಹೇಳಿದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಖಾತೆಗೆ ಆಧಾರ್ ಸಂಖ್ಯೆ ದಾಖಲಾಗುವುದು ಒಂದು ಕೆಲಸ. ಸರ್ಕಾರದ ನೇರ ವರ್ಗಾವಣೆಯ (ಡಿಬಿಟಿ) ಹಣ ಇದೇ ಖಾತೆಗೆ ಬರಬೇಕೆಂದು ಎನ್‌ಪಿಸಿಐ ಎಂಬ ಪಾವತಿ ನಿಗಮದ ಪಟ್ಟಿಯಲ್ಲಿ ನಮೂದಾಗುವುದು (ಸೀಡಿಂಗ್) ಬೇರೆಯೇ ಕೆಲಸ. ಒಬ್ಬರಿಗೆ ಎಷ್ಟು ಖಾತೆಗಳಿದ್ದರೂ ಆ ಪಟ್ಟಿಯಲ್ಲಿ ಒಂದು ಬ್ಯಾಂಕಿಗೆ ಮಾತ್ರ ಜಾಗ, ಅದೂ ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೆ. ಕಾಲೇಜಿನ ವಿದ್ಯಾರ್ಥಿವೇತನಕ್ಕೆಂದು ತವರೂರಿನಲ್ಲಿ ತೆರೆದಿದ್ದ ಖಾತೆಗೆ ಹಣ ಹೋಗುವುದು ಈ ಕಾರಣಕ್ಕೇ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡುವ ಸೌಲಭ್ಯವಿದೆ. ಆಧಾರ್ ಸಂಖ್ಯೆ ಮತ್ತು ಮೊಬೈಲ್‌ಗೆ ಬರುವ ಒಟಿಪಿ ಕೊಟ್ಟರೆ ಯಾವ ಬ್ಯಾಂಕಿನ ಹೆಸರು ಇದೆ, ಅದು ಸಕ್ರಿಯವಾಗಿದೆಯೇ ಎಂಬುದು ತಿಳಿಯುತ್ತದೆ. ಬೇರೆ ಬ್ಯಾಂಕ್ ಕಂಡರೆ, ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ ಡಿಬಿಟಿಗಾಗಿ ಸೀಡಿಂಗ್ ಮಾಡಿಕೊಡಿ ಎಂದು ಸ್ಪಷ್ಟವಾಗಿ ಲಿಖಿತ ಕೋರಿಕೆ ಕೊಡಬೇಕು.

ನೋಂದಣಿ ಮತ್ತು ದಿನಗಳ ಲೆಕ್ಕ

ಮುಟ್ಟು ನಿಂತದ್ದು ಖಚಿತವಾದ ಕೂಡಲೇ ಅಂಗನವಾಡಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯಿರಿ. ಆ ಕಾರ್ಡ್‌ನಲ್ಲಿ ‘ಕೊನೆಯ ಮುಟ್ಟಿನ ದಿನಾಂಕ’ ಎಂಬ ಸಣ್ಣ ಮನೆಯೊಂದಿದೆ. ಮೊದಲ ಮಗುವಿನ ಅರ್ಜಿಯ ಗಡುವುಗಳು ಆ ಒಂದು ದಿನಾಂಕದಿಂದಲೇ ಹೊರಡುತ್ತವೆ. ‘ಯುಗಾದಿ ಆಗಿ ನಾಲ್ಕೈದು ದಿನಕ್ಕೆ’ ಎಂಬ ನೆನಪಿನ ಲೆಕ್ಕವನ್ನು ಕ್ಯಾಲೆಂಡರ್ ನೋಡಿ ನಿಖರ ದಿನಾಂಕವಾಗಿ ಮಾಡಿಕೊಂಡೇ ಬರೆಸಬೇಕು. ತಾಯಿ ಕಾರ್ಡ್‌ನಲ್ಲೊಂದು, ಅರ್ಜಿಯಲ್ಲೊಂದು ದಿನಾಂಕವಿದ್ದರೆ ಅರ್ಜಿ ವಾಪಸಾಗುತ್ತದೆ.

ಉದಾಹರಣೆಗೆ ಕೊನೆಯ ಮುಟ್ಟಿನ ದಿನಾಂಕ ಜನವರಿ 10 ಎಂದಿಟ್ಟುಕೊಳ್ಳೋಣ. ಮೊದಲ ಕಂತಿನ 3,000 ರೂಪಾಯಿಗೆ ಆರು ತಿಂಗಳೊಳಗೆ, ಅಂದರೆ ಜುಲೈ 10ರೊಳಗೆ, ಗರ್ಭಧಾರಣೆಯ ನೋಂದಣಿ ಮತ್ತು ಕನಿಷ್ಠ ಒಂದು ವೈದ್ಯಕೀಯ ತಪಾಸಣೆ ಆಗಿರಬೇಕು. 280 ದಿನಗಳ ಲೆಕ್ಕದಲ್ಲಿ ಹೆರಿಗೆ ಅಕ್ಟೋಬರ್ 17ರ ಸುಮಾರಿಗೆ ಬರುತ್ತದೆ. ಎರಡನೆಯ ಕಂತಿನ 2,000 ರೂಪಾಯಿಗೆ ಮಗುವಿನ ಜನನ ನೋಂದಣಿಯಾಗಿ, ಹುಟ್ಟಿದಾಗಿನ ಬಿಸಿಜಿಯಿಂದ ಹಿಡಿದು 6, 10 ಮತ್ತು 14ನೇ ವಾರದ ಲಸಿಕೆಗಳು ಮುಗಿದಿರಬೇಕು. ಆ ಹೊತ್ತಿಗೆ ಜನವರಿಯ ಕೊನೆಯ ವಾರ ಬಂದಿರುತ್ತದೆ. ಮೊದಲ ಮಗುವಿನ ಅರ್ಜಿಗೆ ಕೊನೆಯ ಮುಟ್ಟಿನ ದಿನದಿಂದ 570 ದಿನಗಳ ಅವಕಾಶವಿದೆ. ಈ ಉದಾಹರಣೆಯಲ್ಲಿ ಅದು ಮರುವರ್ಷದ ಆಗಸ್ಟ್ ಆರಂಭಕ್ಕೆ ಮುಗಿಯುತ್ತದೆ. ಎರಡನೆಯ ಹೆಣ್ಣುಮಗುವಿಗಾದರೆ ಹೆರಿಗೆಯಾದ ದಿನದಿಂದ 270 ದಿನ. ಕೇಳಲು ಧಾರಾಳವೆನಿಸುವ ಈ ಅವಧಿ ಬಾಣಂತನ, ನಾಮಕರಣ, ಓಡಾಟಗಳ ನಡುವೆ ಕರಗಿಹೋಗುತ್ತದೆ.

ಗರ್ಭಪಾತವಾದರೆ ಅಥವಾ ಮಗು ಹೊಟ್ಟೆಯಲ್ಲೇ ತೀರಿಕೊಂಡರೆ, ಮುಂದಿನ ಬಸಿರಿನಲ್ಲಿ ಆ ತಾಯಿಯನ್ನು ಹೊಸ ಫಲಾನುಭವಿಯಾಗಿಯೇ ಪರಿಗಣಿಸಲಾಗುತ್ತದೆ. ಆ ದುಃಖದಲ್ಲಿರುವವರು ಹಿಂದೆ ಒಮ್ಮೆ ಹೆಸರು ಬರೆಸಿದ್ದೇವಲ್ಲ ಎಂದು ಹಿಂಜರಿಯಬೇಕಾಗಿಲ್ಲ.

ಅರ್ಜಿಯನ್ನು ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಹಾಕಬಹುದು. ಯೋಜನೆಯ ಜಾಲತಾಣದಲ್ಲಿ ಮೊಬೈಲ್ ಸಂಖ್ಯೆ ಕೊಟ್ಟು ಸ್ವತಃ ತುಂಬಲೂ ಬಹುದು. ನನ್ನ ಸಲಹೆ ಅಂಗನವಾಡಿಯದೇ, ಏಕೆಂದರೆ ತಪಾಸಣೆ, ಲಸಿಕೆಗಳ ಲೆಕ್ಕ ಅವರ ಕೈಯಲ್ಲಿರುತ್ತದೆ ಮತ್ತು ಏನಾದರೂ ತಪ್ಪಿದರೆ ಕೇಳಲು ಊರಿನಲ್ಲೇ ಒಬ್ಬರು ಇರುತ್ತಾರೆ. ಹಾಕಿದ ಅರ್ಜಿಯ ಸಂಖ್ಯೆಯನ್ನು ತಾಯಿ ಕಾರ್ಡ್‌ನ ಹಿಂದೆಯೇ ಬರೆದಿಟ್ಟುಕೊಳ್ಳಿ.

ತವರಿಗೆ ಹೋಗುವ ಮುನ್ನ

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ಸೀಮಂತ ಮುಗಿಸಿ ಹೊರಡುವಾಗ ಸೀರೆ, ಬಳೆ, ಮಡಿಲಕ್ಕಿಯ ಜತೆಗೆ ತಾಯಿ ಕಾರ್ಡ್‌ನ ಮೂಲ ಪ್ರತಿ, ಆಧಾರ್ ಮತ್ತು ಪಾಸ್‌ಬುಕ್‌ನ ಪ್ರತಿಗಳು ಚೀಲ ಸೇರಲೇಬೇಕು. ಮೊದಲ ನೋಂದಣಿ ಗಂಡನ ಊರಿನ ಅಂಗನವಾಡಿಯಲ್ಲಿ, ಹೆರಿಗೆ ತವರಿನ ತಾಲ್ಲೂಕು ಆಸ್ಪತ್ರೆಯಲ್ಲಿ, 6 ಮತ್ತು 10ನೇ ವಾರದ ಲಸಿಕೆ ತವರಿನ ಉಪಕೇಂದ್ರದಲ್ಲಿ, 14ನೇ ವಾರದ್ದು ಮತ್ತೆ ಗಂಡನ ಊರಿನಲ್ಲಿ ಎಂದಾದಾಗ ಎರಡನೆಯ ಕಂತು ಸಿಕ್ಕಿಹಾಕಿಕೊಳ್ಳುತ್ತದೆ. ಪ್ರತಿ ಲಸಿಕೆ ಹಾಕಿಸಿದಾಗಲೂ ತಾಯಿ ಕಾರ್ಡ್‌ನಲ್ಲಿ ದಿನಾಂಕ ಬರೆಸಿ ಸಹಿ ಹಾಕಿಸಿ, ಆ ಪುಟದ ಫೋಟೊ ತೆಗೆದು ಗಂಡನ ಊರಿನ ಅಂಗನವಾಡಿ ಕಾರ್ಯಕರ್ತೆಗೆ ಕಳಿಸಿಕೊಟ್ಟರೆ ಈ ಅಡಚಣೆ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಜನನ ನೋಂದಣಿ ಮಗು ಹುಟ್ಟಿದ ಊರಿನಲ್ಲೇ ಆಗಬೇಕು. 21 ದಿನಗಳೊಳಗೆ ಶುಲ್ಕವಿಲ್ಲ. ತಡವಾದಷ್ಟೂ ದಂಡ, ಅನುಮತಿಗಳು ಸೇರಿಕೊಳ್ಳುತ್ತವೆ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ನಾಮಕರಣ ಆಗಿಲ್ಲವೆಂದು ನೋಂದಣಿಯನ್ನು ಮುಂದೂಡಬೇಡಿ. ಹೆಸರಿಲ್ಲದೆಯೇ ನೋಂದಣಿ ಮಾಡಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಸ್ಪತ್ರೆಯಲ್ಲಿ ಬರೆದುಕೊಳ್ಳುವಾಗ ತಾಯಿ, ತಂದೆಯ ಹೆಸರನ್ನು ಆಧಾರ್‌ನಲ್ಲಿ ಇರುವಂತೆಯೇ ಬರೆಸಿ. 2023ರ ಅಕ್ಟೋಬರ್ 1ರಂದು ಅಥವಾ ಆ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರುವುದರಿಂದ ಹಿಡಿದು ಹಲವು ಕಡೆ ಜನ್ಮದಿನಾಂಕಕ್ಕೆ ಈ ಪ್ರಮಾಣಪತ್ರವೇ ಆಧಾರವಾಗಿರುವುದರಿಂದ ಇಲ್ಲಿನ ಒಂದು ಕಾಗುಣಿತ ತಪ್ಪು ಮಗುವಿನ ಜತೆಗೇ ಬೆಳೆಯುತ್ತದೆ.

ಬಿಪಿಎಲ್ ಹಾಗೂ ಪರಿಶಿಷ್ಟ ಕುಟುಂಬದ ತಾಯಂದಿರು ಆಸ್ಪತ್ರೆಯಲ್ಲಿ ಹೆತ್ತರೆ ಜನನಿ ಸುರಕ್ಷಾ ಯೋಜನೆಯಡಿ ಗ್ರಾಮೀಣ ಭಾಗದಲ್ಲಿ 700, ನಗರದಲ್ಲಿ 600 ರೂಪಾಯಿ ಪ್ರತ್ಯೇಕವಾಗಿ ಸಿಗುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ಇದನ್ನು ಕೇಳಿ ಪಡೆಯಿರಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾದ ಮಹಿಳೆಯರಿಗೆ ‘ತಾಯಿ ಮಗು ಸಹಾಯ ಹಸ್ತ’ದಡಿ ಮಗುವಿಗೆ ಮೂರು ವರ್ಷ ತುಂಬುವವರೆಗೆ ವರ್ಷಕ್ಕೆ 6,000 ರೂಪಾಯಿ ನೆರವಿದೆ.

ಹಣ ಬಾರದಿದ್ದರೆ

ಅರ್ಜಿಯು ಅಂಗನವಾಡಿಯಿಂದ ಮೇಲ್ವಿಚಾರಕಿಯ ಪರಿಶೀಲನೆಗೆ, ಅಲ್ಲಿಂದ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಅನುಮೋದನೆಗೆ, ಬಳಿಕ ಪಾವತಿಗೆ ಹೋಗುತ್ತದೆ. ‘ಹಣ ಬಂದಿಲ್ಲ’ ಎಂದು ಕೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ; ‘ನನ್ನ ಅರ್ಜಿ ಯಾವ ಹಂತದಲ್ಲಿ ನಿಂತಿದೆ, ಕಾರಣ ಏನೆಂದು ನಮೂದಾಗಿದೆ’ ಎಂದು ಅರ್ಜಿಯ ಸಂಖ್ಯೆ ಹೇಳಿ ಕೇಳಿ. ಅನುಮೋದನೆಯಾಗಿಯೂ ಹಣ ಬರದಿದ್ದರೆ ಬ್ಯಾಂಕ್ ಸೀಡಿಂಗ್ ಸ್ಥಿತಿಯನ್ನು ಇನ್ನೊಮ್ಮೆ ನೋಡಬೇಕು. ಯೋಜನೆಗೆ ಸಹಾಯವಾಣಿಯೂ ಇದೆ. ತಿದ್ದಿ ಮತ್ತೆ ಕಳಿಸಲು ಅವಕಾಶವಿರುವಾಗ ಹೊಸ ಅರ್ಜಿ ಹಾಕಬೇಡಿ. ಒಂದೇ ಆಧಾರ್‌ನಲ್ಲಿ ಎರಡು ಅರ್ಜಿಗಳಾದರೆ ಗೋಜಲು ಹೆಚ್ಚುತ್ತದೆ.

ಹೆಣ್ಣುಮಗುವಾದರೆ

ಕರ್ನಾಟಕದ ಭಾಗ್ಯಲಕ್ಷ್ಮಿ ಯೋಜನೆ 2006ರ ಮಾರ್ಚ್ 31ರ ನಂತರ ಬಿಪಿಎಲ್ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗಾಗಿ, ಒಂದು ಕುಟುಂಬದಲ್ಲಿ ಇಬ್ಬರಿಗೆ ಎಂಬ ಮಿತಿಯೊಡನೆ ಆರಂಭವಾಯಿತು. ಮೊದಲು ಜೀವವಿಮಾ ನಿಗಮದ ಬಾಂಡ್ ಕೊಡಲಾಗುತ್ತಿತ್ತು. 2020–21ರಿಂದ ಅದು ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಗೆ ಬದಲಾಗಿದ್ದು, ಮಗುವಿನ ಹೆಸರಿನಲ್ಲಿ ಸರ್ಕಾರ ವರ್ಷಕ್ಕೆ 3,000 ರೂಪಾಯಿಯಂತೆ 15 ವರ್ಷ ಜಮೆ ಮಾಡುತ್ತದೆ. ಅರ್ಜಿ ಅಂಗನವಾಡಿಯಲ್ಲಿಯೇ, ಮಗುವಿಗೆ ವರ್ಷ ತುಂಬುವ ಮೊದಲೇ ಕೊಡಿ. ಬಾಲ್ಯವಿವಾಹವಾದರೆ ಸೌಲಭ್ಯ ತಪ್ಪುತ್ತದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ಒಂದು ಹೆಣ್ಣುಮಗುವಿಗೆ ಒಂದೇ ಸುಕನ್ಯಾ ಖಾತೆ ಎಂಬುದು ನಿಯಮ. ಭಾಗ್ಯಲಕ್ಷ್ಮಿಗೆ ಅರ್ಜಿ ಹಾಕುವವರು ಸ್ವಂತವಾಗಿ ಇನ್ನೊಂದು ಖಾತೆ ತೆರೆಯುವ ಮುನ್ನ ಅಂಗನವಾಡಿಯಲ್ಲೂ ಅಂಚೆ ಕಚೇರಿಯಲ್ಲೂ ಕೇಳಿಕೊಳ್ಳಬೇಕು. ಬಿಪಿಎಲ್ ಅಲ್ಲದವರು ಮಗುವಿಗೆ 10 ವರ್ಷ ತುಂಬುವುದರೊಳಗೆ 250 ರೂಪಾಯಿಯಿಂದ ಈ ಖಾತೆ ಆರಂಭಿಸಬಹುದು. ವರ್ಷಕ್ಕೆ ಗರಿಷ್ಠ 1.5 ಲಕ್ಷ. ಮಗಳಿಗೆ 18 ತುಂಬಿದ ಮೇಲೆ ಅಥವಾ ಹತ್ತನೇ ತರಗತಿ ಪಾಸಾದ ಮೇಲೆ ಓದಿಗೆಂದು ಅರ್ಧದಷ್ಟು ತೆಗೆಯಲು ಅವಕಾಶವಿದೆ. ಪ್ರೀತಿಯಿಂದ ಅಜ್ಜ, ಅಜ್ಜಿ ತೆರೆದ ಖಾತೆಗಳನ್ನು 2024ರ ಅಕ್ಟೋಬರ್ 1ರಿಂದ ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರ ಹೆಸರಿಗೆ ವರ್ಗಾಯಿಸಬೇಕೆಂದು ನಿಯಮ ಬಂದಿದೆ. ಇನ್ನೂ ಮಾಡಿಸದವರು ಜನನ ಪ್ರಮಾಣಪತ್ರದೊಡನೆ ಅಂಚೆ ಕಚೇರಿಗೆ ಹೋಗಿ ಮುಗಿಸಿಕೊಳ್ಳಬೇಕು.

ತೆರಿಗೆ ಕಟ್ಟುವವರಿಗೆ

ಅಮೆರಿಕದಲ್ಲಿರುವಂತೆ ಪ್ರತಿ ಮಗುವಿಗೆ ಇಷ್ಟೆಂದು ತೆರಿಗೆಯಲ್ಲೇ ಕಳೆಯುವ ಪದ್ಧತಿ ನಮ್ಮಲ್ಲಿಲ್ಲ. ಇಬ್ಬರು ಮಕ್ಕಳವರೆಗಿನ ಬೋಧನಾ ಶುಲ್ಕವನ್ನು 1.5 ಲಕ್ಷದ ಒಟ್ಟು ಮಿತಿಯೊಳಗೆ ಆದಾಯದಿಂದ ಕಳೆಯಬಹುದು, ಅದೂ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. 2023–24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುವುದರಿಂದ, ಹಳೆಯದು ಲಾಭಕರವೆಂದು ಕಂಡರೆ ವರ್ಷದ ಆರಂಭದಲ್ಲೇ ಕಚೇರಿಗೆ ತಿಳಿಸಬೇಕು. ಶಾಲೆಯ ರಸೀದಿಯಲ್ಲಿ ಬೋಧನಾ ಶುಲ್ಕ, ವಾಹನ ಶುಲ್ಕ, ಅಭಿವೃದ್ಧಿ ಶುಲ್ಕ ಎಲ್ಲ ಒಂದೇ ಮೊತ್ತವಾಗಿದ್ದರೆ ವಿನಾಯಿತಿ ತಿರಸ್ಕೃತವಾಗಬಹುದು, ಏಕೆಂದರೆ ಬೋಧನಾ ಶುಲ್ಕಕ್ಕೆ ಮಾತ್ರ ಅವಕಾಶ. ಬಾಬ್ತುಗಳನ್ನು ಬಿಡಿಸಿ ಬರೆದ ರಸೀದಿಯನ್ನೇ ಶಾಲೆಯಿಂದ ಕೇಳಿ ಪಡೆಯಿರಿ. ಇಬ್ಬರೂ ದುಡಿಯುವ ದಂಪತಿಯಲ್ಲಿ ಶುಲ್ಕ ಯಾರ ಖಾತೆಯಿಂದ ಹೋಗಿದೆಯೋ ಅವರೇ ಅದನ್ನು ತೋರಿಸಬೇಕಾದ್ದರಿಂದ, ಹೆಚ್ಚು ತೆರಿಗೆ ಕಟ್ಟುವವರ ಖಾತೆಯಿಂದಲೇ ಶುಲ್ಕ ಪಾವತಿಸುವುದು ಅನುಕೂಲ.