ಹಳೆಯ ಕಾರಿನ ಚಿತ್ರ: ಕೊಳೆ ಹೋಗಲಿ, ಹೊಳಪು ಉಳಿಯಲಿ

ವಿಂಟೇಜ್ ಕಾರಿನ ಒಳ್ಳೆಯ ಚಿತ್ರಗಳು ಕೆಡುವುದು ಬಹುಪಾಲು ಕಂಪ್ಯೂಟರಿನ ಮುಂದೆ. ತಿದ್ದಲು ಕುಳಿತವರು ಬಂಪರಿನ ಮೇಲಿನ ಪ್ರತಿಬಿಂಬಗಳನ್ನೆಲ್ಲ ಒರೆಸಿಹಾಕಿ, ಬಾನೆಟ್ಟನ್ನು ಉಜ್ಜಿ ಉಜ್ಜಿ ನುಣುಪು ಮಾಡಿ, ಕೊನೆಗೆ ಪ್ಲಾಸ್ಟಿಕ್ ಆಟಿಕೆಯಂತೆ ಕಾಣುವ ಕಾರನ್ನು ಮುಂದಿಡುತ್ತಾರೆ. ಮಡ್‌ಗಾರ್ಡ್ ಎಲ್ಲಿ ಉಬ್ಬಿದೆ, ಬಾಗಿಲು ಎಲ್ಲಿ ಒಳಕ್ಕೆ ಬಾಗಿದೆ ಎಂದು ಕಣ್ಣಿಗೆ ತಿಳಿಯುವುದೇ ಅದರ ಮೇಲೆ ಬಿದ್ದ ಆಕಾಶ ಮತ್ತು ನೆಲದ ಬಿಂಬದಿಂದ. ಅದನ್ನು ಅಳಿಸಿದರೆ ಕಾರಿನ ಆಕಾರವನ್ನೇ ಅಳಿಸಿದಂತೆ.

ಹೆಜ್ಜೆ 1: ಕಡತ ಮತ್ತು ತಂತ್ರಾಂಶ

ಸಾಧ್ಯವಿದ್ದರೆ ರಾ ಕಡತದಿಂದಲೇ (ಕ್ಯಾಮೆರಾ ಹಿಡಿದ ಮಾಹಿತಿಯನ್ನು ಸಂಸ್ಕರಿಸದೆ ಉಳಿಸಿದ ಕಡತ) ಆರಂಭಿಸಿ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೂ 8 ಬಿಟ್ ಮಾತ್ರ. ರಾ ಕಡತದಲ್ಲಿ ಸಾಮಾನ್ಯವಾಗಿ 12 ಅಥವಾ 14 ಬಿಟ್ ಇರುತ್ತದೆ. ಬಾನೆಟ್ಟಿನ ಮೇಲೆ ನಿಧಾನವಾಗಿ ಕಪ್ಪಾಗುತ್ತ ಹೋಗುವ ಛಾಯೆ ಪಟ್ಟೆ ಪಟ್ಟೆಯಾಗಿ ಒಡೆಯದಿರಲು ಈ ಹೆಚ್ಚಿನ ಬಿಟ್‌ಗಳು ಬೇಕು. ತಂತ್ರಾಂಶ ಫೋಟೋಶಾಪ್ ಆಗಬಹುದು, ಉಚಿತವಾಗಿ ಸಿಗುವ ಜಿಂಪ್ ಆಗಬಹುದು. ಲೇಯರ್ (ಚಿತ್ರದ ಮೇಲೆ ಹಾಸುವ ಪದರ), ಮಾಸ್ಕ್ (ಪದರದ ಯಾವ ಭಾಗ ಕಾಣಬೇಕು ಎಂದು ನಿರ್ಧರಿಸುವ ಮರೆ), ಕ್ಲೋನ್ ಸ್ಟ್ಯಾಂಪ್ (ಒಂದು ಜಾಗದ ಮಾದರಿಯನ್ನು ಇನ್ನೊಂದು ಜಾಗಕ್ಕೆ ಒತ್ತುವ ಸಾಧನ) ಈ ಮೂರೂ ಇರಲೇಬೇಕು. ಒಂದೇ ಒತ್ತಿಗೆ ‘ವಿಂಟೇಜ್ ನೋಟ’ ಕೊಡುವ ಮೊಬೈಲ್ ಆ್ಯಪ್‌ಗಳನ್ನು ದೂರವಿಡಿ. ಅವು ಎಲ್ಲ ಕಾರುಗಳಿಗೂ ಒಂದೇ ಕಂದು ಬಣ್ಣ ಬಳಿಯುತ್ತವೆ.

ಹೆಜ್ಜೆ 2: ನೇರ ಮಾಡುವುದು

ಲೆನ್ಸ್ ಪ್ರೊಫೈಲ್ (ಲೆನ್ಸಿನಿಂದಾದ ವಕ್ರತೆ ತಿದ್ದುವ ಸಿದ್ಧ ಹೊಂದಾಣಿಕೆ) ಹಾಕಿ, ನೆಲವನ್ನು ಮಟ್ಟಸ ಮಾಡಿ, ಅಂಚು ಕತ್ತರಿಸಿ. ವೈಡ್ ಲೆನ್ಸಿನಲ್ಲಿ ಹತ್ತಿರದಿಂದ ತೆಗೆದು ಮುಂದಿನ ಚಕ್ರ ಮೊಟ್ಟೆಯಾಕಾರ ತಾಳಿದ್ದರೆ ಅದನ್ನು ಪೂರ್ತಿ ಸರಿಪಡಿಸಲು ಆಗದು. ಬೇರೆ ಚಿತ್ರ ಆರಿಸಿಕೊಳ್ಳಿ.

ಹೆಜ್ಜೆ 3: ಕ್ರೋಮ್

ಹೆಚ್ಚಿನವರು ಎಡವುವುದು ಇಲ್ಲೇ. ಬಂಪರಿನಂಥ ಭಾಗಗಳ ಹೊಳೆಯುವ ಲೋಹದ ಲೇಪವಾದ ಕ್ರೋಮ್‌ಗೆ ಹೇಳಿಕೊಳ್ಳುವಂಥ ಸ್ವಂತ ಬಣ್ಣವಿಲ್ಲ, ಎದುರಿಗಿರುವುದನ್ನು ತೋರಿಸುತ್ತದೆ ಅಷ್ಟೆ. ಗಾಜಿನ ಮೇಲಿನ ಮತ್ತು ಬಣ್ಣ ಬಳಿದ ಮೈಮೇಲಿನ ಪ್ರತಿಫಲನವನ್ನು ಪೋಲರೈಸರ್ ಫಿಲ್ಟರ್ ಒಂದಿಷ್ಟು ತಗ್ಗಿಸುತ್ತದೆ. ಬರಿಯ ಲೋಹದ ಮೇಲೆ ಅದರ ಆಟ ನಡೆಯದು. ಹಾಗಾಗಿ ಬಂಪರಿನಲ್ಲಿ ಕ್ಯಾಮೆರಾ ಹಿಡಿದು ನಿಂತ ನೀವೂ ಅಕ್ಕಪಕ್ಕದ ಜನರೂ ಕಾಣಿಸಿಕೊಳ್ಳುವುದು ಖಚಿತ.

ಚಿತ್ರವನ್ನು 200 ಪ್ರತಿಶತಕ್ಕೆ ಹಿಗ್ಗಿಸಿ ಬಂಪರನ್ನು ಗಮನಿಸಿ. ಮೇಲ್ಭಾಗದಲ್ಲಿ ಆಕಾಶದ ಬಿಳಿ, ಕೆಳಭಾಗದಲ್ಲಿ ನೆಲದ ಬಣ್ಣ, ನಡುವೆ ದಿಗಂತದ ಕಪ್ಪು ಗೆರೆ. ಈ ಗೆರೆ ಬಂಪರಿನ ತಿರುವಿನಲ್ಲಿ ಸಣ್ಣದಾಗುತ್ತದೆ, ಮತ್ತೆ ಅಗಲವಾಗುತ್ತದೆ. ಏನೇ ಅಳಿಸಿದರೂ ಇದು ತುಂಡಾಗಬಾರದು.

ಕೆಂಪು ಅಂಗಿಯವರೊಬ್ಬರು ಬಂಪರಿನಲ್ಲಿ ಕಾಣುತ್ತಿದ್ದಾರೆ ಎಂದುಕೊಳ್ಳಿ. ನೇರವಾಗಿ ಅಳಿಸಲು ಹೋಗಬೇಡಿ. ಮೊದಲು ಹೊಸ ಖಾಲಿ ಲೇಯರ್ ತೆರೆದು, ಅದರ ಬ್ಲೆಂಡ್ ಮೋಡನ್ನು (ಕೆಳಗಿನ ಪದರದೊಂದಿಗೆ ಬೆರೆಯುವ ಬಗೆ) ‘ಕಲರ್’ ಎಂದು ಬದಲಿಸಿ, ಪಕ್ಕದ ಲೋಹದ ಬೂದು ಬಣ್ಣವನ್ನೇ ಎತ್ತಿಕೊಂಡು ಮೃದುವಾದ ಬ್ರಷ್‌ನಿಂದ ಅಂಗಿಯ ಮೇಲೆ ಬಳಿಯಿರಿ. ಬೆಳಕು ನೆರಳು ಹಾಗೆಯೇ ಉಳಿದು ಕೆಂಪು ಮಾತ್ರ ಹೋಗುತ್ತದೆ. ಆಮೇಲೆ ಬೆಳಕು ನೆರಳನ್ನು ಏರಿಳಿಸುವ ಕರ್ವ್ಸ್ ಲೇಯರ್ ಸೇರಿಸಿ, ಮಾಸ್ಕ್ ಮೂಲಕ ಆ ಆಕೃತಿಯಷ್ಟನ್ನೇ ಸುತ್ತಲಿನ ಛಾಯೆಗೆ ಹೊಂದಿಸಿ. ಜಿಂಪ್ ಬಳಸುವವರು ಲೇಯರಿನ ಪ್ರತಿ ಮಾಡಿ, ಅದಕ್ಕೆ ಕರ್ವ್ಸ್ ಹಾಕಿ ಮಾಸ್ಕ್ ಸೇರಿಸಿದರೂ ಫಲ ಒಂದೇ. ಎಷ್ಟೋ ಸಲ ಇಷ್ಟಕ್ಕೇ ಕೆಲಸ ಮುಗಿಯುತ್ತದೆ: ಮನುಷ್ಯ ಹೋಗಿ ಒಂದು ನೆರಳು ಉಳಿಯುತ್ತದೆ, ನೆರಳು ಕ್ರೋಮ್‌ಗೆ ಸಹಜ.

ಇನ್ನೂ ತಲೆ, ಕೈ ಗುರುತಾಗುತ್ತಿದ್ದರೆ ಕ್ಲೋನ್ ಸ್ಟ್ಯಾಂಪ್ ಹಿಡಿಯಿರಿ. ಮಾದರಿಯನ್ನು ಅದೇ ಪಟ್ಟಿಯ ಉದ್ದಕ್ಕೂ, ಎಡದಿಂದಲೋ ಬಲದಿಂದಲೋ ತೆಗೆದುಕೊಳ್ಳಿ. ಮೇಲಿನಿಂದ ಕೆಳಗಿನಿಂದ ತೆಗೆದುಕೊಂಡರೆ ಆಕಾಶದ ತುಣುಕು ನೆಲಕ್ಕೆ ಬೀಳುತ್ತದೆ. ಕ್ರೋಮ್ ಮುಗಿದು ಬಣ್ಣ ಶುರುವಾಗುವ ಅಂಚಿನಲ್ಲಿ ಹೀಲಿಂಗ್ ಬ್ರಷ್ ಬೇಡವೇ ಬೇಡ. ಅದು ಸುತ್ತಲಿನ ಬಣ್ಣವನ್ನು ಎಳೆದು ಬೆರೆಸುವುದರಿಂದ ಅಂಚಿನಲ್ಲಿ ಕಲೆ ಹರಡುತ್ತದೆ. ಪೆನ್ ಟೂಲ್‌ನಿಂದ ಅಂಚಿನುದ್ದಕ್ಕೂ ಗೆರೆ ಎಳೆದು, ಅದನ್ನು ಸೆಲೆಕ್ಷನ್ ಆಗಿ ಬದಲಿಸಿಕೊಂಡು, ಅದರೊಳಗೇ ಕೆಲಸ ಮಾಡಿ. ಬೇಸರದ ಕೆಲಸ ನಿಜ, ಆದರೆ ಇದಕ್ಕೆ ಬದಲಿ ದಾರಿ ನನಗೆ ಕಂಡಿಲ್ಲ.

ಬಂಪರಿನ ಒಳ್ಳೆಯ ಅರ್ಧವನ್ನು ತಿರುಗಿಸಿ ಇನ್ನೊಂದು ಅರ್ಧಕ್ಕೆ ಅಂಟಿಸುವ ಅಡ್ಡದಾರಿಯೊಂದಿದೆ. ಸೂರ್ಯ ಇರುವುದು ಒಂದೇ ಕಡೆ. ಅಂಟಿಸಿದ ಅರ್ಧದಲ್ಲಿ ಹೊಳಪು ತಪ್ಪು ಜಾಗದಲ್ಲಿ ಕೂರುತ್ತದೆ, ನೋಡುವವರಿಗೆ ಕಾರಣ ತಿಳಿಯದಿದ್ದರೂ ಏನೋ ಸರಿಯಿಲ್ಲ ಎನಿಸುತ್ತದೆ. ಕೃತಕ ಬುದ್ಧಿಮತ್ತೆಯ ಅಳಿಸುವ ಸಾಧನಗಳನ್ನು ಹಿನ್ನೆಲೆಯ ಕಂಬ, ಕಸದ ಡಬ್ಬಿಗೆ ಬಳಸಿ, ತಕರಾರಿಲ್ಲ. ಕಾರನ್ನು ಅವುಗಳ ಕೈಗೆ ಕೊಡಬೇಡಿ. ತಂತಿ ಚಕ್ರದ ಕಡ್ಡಿಗಳನ್ನು ಒಂದಕ್ಕೊಂದು ಸೇರಿಸಿಬಿಡುತ್ತವೆ, ಲಾಂಛನದ ಅಕ್ಷರಗಳನ್ನು ತಾವೇ ಹೊಸದಾಗಿ ಬರೆಯುತ್ತವೆ, ಬಾಗಿಲಿನ ಸಂದಿಯ ಗೆರೆಯನ್ನು ನಡುವೆಯೇ ನುಂಗುತ್ತವೆ.

ಹೆಡ್‌ಲೈಟ್ ಬಳೆಯ ಮೇಲೆ ಸೂರ್ಯ ಮಿಂಚುವ ಚುಕ್ಕೆ ಅಚ್ಚ ಬಿಳಿಯಾಗಿಯೇ ಇರಲಿ. ತಂತ್ರಾಂಶ ಅಲ್ಲಿ ವಿವರ ಕಳೆದುಹೋಗಿದೆ ಎಂದು ಎಚ್ಚರಿಸುತ್ತದೆ. ಅಲ್ಲಿ ವಿವರವೇನೂ ಇರಬೇಕಾಗಿಲ್ಲ. ಅದನ್ನು ಬೂದು ಮಾಡಿದ ಕೂಡಲೇ ಕ್ರೋಮ್ ಅಲ್ಯೂಮಿನಿಯಂ ಆಗಿಬಿಡುತ್ತದೆ. ಬೆಳಕು ನೆರಳಿನ ಅಂತರವನ್ನು ಎದ್ದು ಕಾಣಿಸುವ ‘ಕ್ಲ್ಯಾರಿಟಿ’ ಸ್ಲೈಡರನ್ನು ಇಡೀ ಚಿತ್ರಕ್ಕೆ ಎಳೆಯುವುದೂ ಬೇಡ, ಲೋಹ ಮಸಿ ಮೆತ್ತಿಕೊಂಡಂತೆ ಕಾಣುತ್ತದೆ.

ಹೆಜ್ಜೆ 4: ಮೈಬಣ್ಣ

ಕೆಂಪು ಕಾರಿಗೆ ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸುವ ಮೊದಲು ಹಿಸ್ಟೋಗ್ರಾಮಿನಲ್ಲಿ (ಎಡಕ್ಕೆ ಕಪ್ಪು, ಬಲಕ್ಕೆ ಬೆಳಕು ಎಷ್ಟಿದೆ ಎಂದು ತೋರಿಸುವ ನಕ್ಷೆ) ಕೆಂಪು ಚಾನಲ್ಲನ್ನು, ಅಂದರೆ ಕೆಂಪು ಬಣ್ಣದ ಪಾಲನ್ನು, ಪ್ರತ್ಯೇಕವಾಗಿ ನೋಡಿ. ಒಟ್ಟು ಬೆಳಕು ಸರಿಯಾಗಿದೆ ಎನಿಸಿದರೂ ಕೆಂಪೊಂದೇ ಬಲತುದಿಗೆ ಬಡಿದಿರುತ್ತದೆ, ಆಗ ಬಾಗಿಲಿನ ಉಬ್ಬುತಗ್ಗುಗಳೆಲ್ಲ ಮಾಯ. ಅಂಥಲ್ಲಿ ಕೆಂಪಿನ ಸ್ಯಾಚುರೇಶನ್ ಇಳಿಸುವುದೇ ಮದ್ದು.

ಕಪ್ಪು ಕಾರು ಇನ್ನೂ ಕಷ್ಟ. 1914ರಿಂದ 1925ರವರೆಗಿನ ಫೋರ್ಡ್ ಮಾಡೆಲ್ ಟಿ ಕಾರುಗಳು ಕಾರ್ಖಾನೆಯಿಂದ ಹೊರಬಂದದ್ದೇ ಕಪ್ಪು ಬಣ್ಣದಲ್ಲಿ. ಆ ಕಪ್ಪಿನ ಮೇಲೆ ಆಕಾಶದ ನೀಲಿ ತೆಳುವಾಗಿ ಹರಡಿರುತ್ತದೆ. ನೀಲಿಯನ್ನು ಕೊಳೆಯೆಂದು ತಿಳಿದು ಪೂರ್ತಿ ತೆಗೆಯಬೇಡಿ. ಅರ್ಧಕ್ಕೆ ಇಳಿಸಿ ನಿಲ್ಲಿಸಿ. ಟಯರ್ ಮತ್ತು ಮಡ್‌ಗಾರ್ಡಿನ ಅಡಿಯ ಕತ್ತಲು ಬಿಟ್ಟು ಬೇರೆಲ್ಲೂ ಕಪ್ಪು ಸೊನ್ನೆಗೆ (ವಿವರವೇ ಉಳಿಯದ ಅಚ್ಚ ಕಪ್ಪಿಗೆ) ಮುಟ್ಟಬಾರದು.

ಚಿತ್ರ ಮಾರಾಟಕ್ಕೋ ದಾಖಲೆಗೋ ಆಗಿದ್ದರೆ ತುಕ್ಕು, ತಗ್ಗು, ಬಣ್ಣ ಎದ್ದ ಜಾಗ ಇವುಗಳನ್ನು ಮುಟ್ಟುವುದು ಮೋಸ. ಧೂಳು, ನೀರಿನ ಹನಿಯ ಕಲೆ ತೆಗೆಯಬಹುದು.

ಹೆಜ್ಜೆ 5: ಉಳಿಸುವುದು

ಲೇಯರ್‌ಗಳಿರುವ ಮೂಲವನ್ನು 16 ಬಿಟ್‌ನಲ್ಲೇ ಉಳಿಸಿ, ಮಿಕ್ಕದ್ದನ್ನು ಪ್ರತಿಯಲ್ಲಿ ಮಾಡಿ. ಅಳತೆ ಕಿರಿದು ಮಾಡಿದ ಮೇಲೆಯೇ ಶಾರ್ಪನ್ ಮಾಡಬೇಕು (ಅಂಚುಗಳನ್ನು ಚೂಪಾಗಿಸಬೇಕು). ಅದೂ ಗ್ರಿಲ್, ಲಾಂಛನ, ಚಕ್ರಗಳಿಗೆ ಮಾತ್ರ. ಬಾನೆಟ್ಟಿಗೆ ಹಚ್ಚಿದರೆ ಕಾಳು ಕಾಳು ಏಳುತ್ತದೆ. ಅಂತರಜಾಲಕ್ಕೆ ಎಸ್‌ಆರ್‌ಜಿಬಿ (ಪರದೆಗಳಿಗೆ ಸಾಮಾನ್ಯವಾದ ಬಣ್ಣದ ಮಾನದಂಡ), ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್. ಮುದ್ರಣಕ್ಕೆ ಕಳುಹಿಸುವ ಮುನ್ನ ಸಾಫ್ಟ್ ಪ್ರೂಫ್ (ಮುದ್ರಣ ಹೇಗೆ ಬರುತ್ತದೆ ಎಂದು ಪರದೆಯ ಮೇಲೆಯೇ ತೋರಿಸುವ ಮುನ್ನೋಟ) ತೆರೆದು ನೋಡಿ. ಪರದೆಯ ಮೇಲೆ ಉರಿಯುವ ಕೆಂಪು ಕಾಗದದ ಮೇಲೆ ಎಷ್ಟು ಮಂಕಾಗುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ, ತಿದ್ದಲು ಆಗಲೂ ಸಮಯವಿರುತ್ತದೆ.